ಮಾತು ಕಡಿಮೆ ಇರುವವರೆಲ್ಲ ‘ಶೈ’ ಅಲ್ಲ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೇನೆ. ಮನೆಯಲ್ಲಿ ಕನ್ನಡ, ನೆರೆಕರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ಕೆಲಸದ ಇಂಟರ್‌ವ್ಯೂಗೆ ತಯಾರಿ ಮಾಡುತ್ತಿದ್ದೇನೆ. ‘ನಿಮ್ಮ ಬಗ್ಗೆ, ನಿಮ್ಮ ಮನೆಯವರೊಬ್ಬರ ಬಗ್ಗೆ ಹೇಳಿ’ ಎಂದು ಕೇಳಿದರೆ ಹೇಳಲು ಹೀಗೆ ಬರೆದುಕೊಂಡಿದ್ದೇನೆ: ‘ಐ ಆ್ಯಮ್ ಎ ಶೈ ಆ್ಯಂಡ್ ಸೈಲೆಂಟ್ ಗರ್ಲ್. ಐ ಆ್ಯಮ್ ನಾಟ್ ಸೋಶಿಯಲ್. ಐ ಫೀಲ್ ಶೇಮ್ ಟು ಟಾಕ್ ಟು ಸ್ಟ್ರೇಂಜರ್ಸ್. ಮೈ ಬ್ರದರ್ ಈಸ್ ವೆರಿ ಫ್ರೀ ಆ್ಯಂಡ್ ಮೂವ್ಸ್ ವಿತ್ ಎವರಿಒನ್.’ ಗೆಳತಿ ಸರಿ ಇದೆ ಎಂದಳು. ನನಗೆ ಮಾತ್ರ ಎಲ್ಲೋ ತಪ್ಪಿದೆ ಅನಿಸುತ್ತದೆ. ನಿಘಂಟು ತೆರೆದರೆ ‘ಶೈ’ಗೂ ನಾಚಿಕೆ, ‘ಬ್ಯಾಶ್‌ಫುಲ್’ಗೂ ನಾಚಿಕೆ, ‘ಶೇಮ್’ಗೂ ನಾಚಿಕೆ. ವ್ಯತ್ಯಾಸ ತಿಳಿಯುವುದು ಹೇಗೆ? ‘ಆರ್ ಯು ಆ್ಯನ್ ಇಂಟ್ರೋವರ್ಟ್?’ ಎಂದು ಕೇಳಿಬಿಟ್ಟರೆ ಏನೆನ್ನಲಿ?

ಉತ್ತರ: ನಿಮಗೆ ಅನಿಸಿದ್ದು ಸರಿಯೇ. ಈ ನಾಲ್ಕು ವಾಕ್ಯ ಕೇಳಿದ ಹೊರಗಿನವರ ಕಣ್ಣ ಮುಂದೆ ನಿಂತುಕೊಳ್ಳುವುದು ನೀವಲ್ಲ, ಬೇರೆ ಯಾರೋ. ‘ಫೀಲ್ ಶೇಮ್’ ಎಂದಾಗ ಏನೋ ತಪ್ಪು ಮಾಡಿದ ಹುಡುಗಿ ಕಾಣುತ್ತಾಳೆ. ‘ವೆರಿ ಫ್ರೀ’ ಎಂದಾಗ ಕೆಲಸವಿಲ್ಲದೆ ಬಿಡುವಾಗಿ ಕೂತ ಅಣ್ಣ ಕಾಣುತ್ತಾನೆ. ಮೊದಲು ಇದರ ಬೇರನ್ನು ಹಿಡಿಯೋಣ. ಬೇರು ಸಿಕ್ಕಿದರೆ ಪದಪಟ್ಟಿ ಬಾಯಿಪಾಠ ಮಾಡುವ ಕಷ್ಟ ಅರ್ಧ ಇಳಿಯುತ್ತದೆ.

ನಮ್ಮ ‘ನಾಚಿಕೆ’ ಬಹಳ ಅಗಲವಾದ ಮಾತು. ನೆಂಟರು ಬಂದಾಗ ಮಗು ಅಮ್ಮನ ಸೆರಗಿನ ಹಿಂದೆ ಅಡಗಿದರೂ ನಾಚಿಕೆ, ಮದುಮಗಳು ತಲೆ ತಗ್ಗಿಸಿದರೂ ನಾಚಿಕೆ. ಸಾಲ ಕೊಟ್ಟವನನ್ನು ಕಂಡು ರಸ್ತೆ ದಾಟುವುದೂ ನಾಚಿಕೆ. ಬೈಯುವಾಗಲೂ ‘ನಾಚಿಕೆ ಆಗುವುದಿಲ್ಲವಾ ನಿನಗೆ?’ ಎಂದೇ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಮಗುವಿನದು ‘ಶೈ’, ಮದುಮಗಳದು ‘ಬ್ಯಾಶ್‌ಫುಲ್’, ಸಾಲಗಾರನದು ‘ಅಶೇಮ್ಡ್’. ಬೈಗುಳದಲ್ಲಿ ಬರುವುದು ‘ಶೇಮ್’. ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಗಡಿನಾಡಿನವರಾದ ನಿಮಗೆ ಇಲ್ಲೊಂದು ಅನುಕೂಲ ಇದೆ. ಪೇಟೆಯಲ್ಲಿ ಕೇಳುವ ಮಲಯಾಳ ಈ ಗೆರೆಯನ್ನು ಆಗಲೇ ಎಳೆದಿಟ್ಟಿದೆ: ಮಗುವಿನ ನಾಚಿಕೆ ‘ನಾಣಂ’, ಮರ್ಯಾದೆ ಹೋಗುವಂಥದ್ದು ‘ನಾಣಕ್ಕೇಡ್’. ಇಂಗ್ಲಿಷ್ ವಾಕ್ಯ ಕಟ್ಟುವ ಮೊದಲು ಮನಸ್ಸಿನಲ್ಲೇ ಮಲಯಾಳದಲ್ಲಿ ಹೇಳಿ ನೋಡಿ. ‘ನಾಣಂ’ ಬಂದರೆ ‘ಶೈ’ಯ ಕಡೆಗೆ ಹೋಗಿ. ‘ನಾಣಕ್ಕೇಡ್’ ಬಂದರೆ ‘ಅಶೇಮ್ಡ್’ ಅಥವಾ ‘ಎಂಬ್ಯಾರಸ್ಡ್’. ಈ ಕೊನೆಯ ಎರಡರ ನಡುವೆಯೂ ಅಂತರ ಇದೆ. ಮದುವೆ ಊಟದಲ್ಲಿ ಪಕ್ಕದವರ ಸೀರೆ ಮೇಲೆ ಸಾಂಬಾರು ಚೆಲ್ಲಿದರೆ ಆಗುವ ಮುಜುಗರ ‘ಎಂಬ್ಯಾರಸ್ಡ್’. ಸುಳ್ಳು ಹೇಳಿ ಸಿಕ್ಕಿಬಿದ್ದರೆ ‘ಅಶೇಮ್ಡ್’. ಮೊದಲನೆಯದು ಯಾರಾದರೂ ನೋಡಿದರೆ ಮಾತ್ರ ಹುಟ್ಟುತ್ತದೆ. ಎರಡನೆಯದಕ್ಕೆ ನೋಡುವವರು ಬೇಡ, ಒಬ್ಬರೇ ಕೂತಾಗಲೂ ಚುಚ್ಚುತ್ತದೆ. ನೀವು ಅಪರಿಚಿತರೊಡನೆ ಮಾತಾಡಲು ಅಳುಕುತ್ತೀರಿ, ಅಷ್ಟೇ. ಅದಕ್ಕೆ ‘ಐ ಆ್ಯಮ್ ಶೈ ವಿತ್ ಸ್ಟ್ರೇಂಜರ್ಸ್’ ಸಾಕು. ‘ಟು’ ಅಲ್ಲ, ‘ವಿತ್’. ಕೆಲಸಕ್ಕೆ ಅಂಜುವುದಾದರೆ ‘ಅಬೌಟ್’: ‘ಶೀ ಈಸ್ ಶೈ ಅಬೌಟ್ ಸಿಂಗಿಂಗ್ ಇನ್ ಪಬ್ಲಿಕ್.’

ಊಟದ ಪಂಕ್ತಿಯಲ್ಲಿ ‘ಸಂಕೋಚ ಮಾಡಬೇಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಎನ್ನುತ್ತೇವಲ್ಲ, ಅಲ್ಲಿಯೂ ಇಂಗ್ಲಿಷಿನವರು ‘ಡೋಂಟ್ ಬಿ ಶೈ’ ಎಂದೇ ಹೇಳುತ್ತಾರೆ. ನಮ್ಮ ‘ದಾಕ್ಷಿಣ್ಯ’ಕ್ಕೆ ಮಾತ್ರ ಅವರಲ್ಲಿ ಒಂಟಿ ಪದ ಹುಡುಕಬೇಡಿ. ‘ಹಿ ಫೈಂಡ್ಸ್ ಇಟ್ ಹಾರ್ಡ್ ಟು ಸೇ ನೋ’ ಎಂದು ಬಿಡಿಸಿ ಹೇಳುವುದೇ ಸರಿ.

ಈಗ ಮುಖ್ಯ ವಿಚಾರ. ಒಬ್ಬರು ಸುಮ್ಮನಿದ್ದಾರೆ ಎಂದಾಗ ನಮ್ಮ ಕಣ್ಣಿಗೆ ಕಾಣುವುದು ಮೌನ ಒಂದೇ. ಇಂಗ್ಲಿಷ್ ಪದ ಆಯ್ಕೆಯಾಗುವುದು ಆ ಮೌನದ ಹಿಂದೆ ಏನಿದೆ ಎಂಬುದರ ಮೇಲೆ. ಅಳುಕು ಇದೆಯೇ? ಸ್ವಭಾವವೇ ಹಾಗೆಯೇ? ಬೇಕೆಂದೇ ಬಾಯಿ ಮುಚ್ಚಿದ್ದಾರೆಯೇ? ಅಥವಾ ‘ಇವರ ಹತ್ತಿರ ನನಗೇನು ಮಾತು’ ಎಂಬ ಬಿಗುಮಾನವೇ?

ತಾಳಮದ್ದಳೆಯ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಒಬ್ಬ ಅರ್ಥಧಾರಿಯನ್ನು (ಪಾತ್ರವಾಗಿ ಮಾತಾಡುವವರನ್ನು) ನೆನೆಸಿಕೊಳ್ಳಿ. ನಮ್ಮ ಕಡೆ ಇಂಥವರನ್ನು ನೋಡದವರಿಲ್ಲ. ಭಾಗವತರು ಪದ ಮುಗಿಸಿದ್ದೇ ತಡ, ಕೃಷ್ಣನಾಗಿ ಅರ್ಧ ಗಂಟೆ ನಿಲ್ಲದೆ ಮಾತಾಡುತ್ತಾರೆ. ಎದುರಿನ ಕೌರವ ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಕಟ್ಟುತ್ತಾರೆ, ಸಭೆಯನ್ನು ನಗಿಸುತ್ತಾರೆ. ಪ್ರಸಂಗ ಮುಗಿದ ಮೇಲೆ ಅದೇ ಮನುಷ್ಯ ಚಾ ಕುಡಿಯುತ್ತಾ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ಕೇಳಿದ್ದಕ್ಕೆ ‘ಹೌದು’, ‘ಹಾಗೆಯೇ’ ಎಂಬಷ್ಟೇ ಉತ್ತರ. ಇವರನ್ನು ‘ಶೈ’ ಎನ್ನಬಹುದೇ? ಆಗದು. ನೂರಾರು ಜನರ ಎದುರು ಅಳುಕಿಲ್ಲದೆ ಮಾತಾಡಿದವರಿಗೆ ನಾಲ್ಕು ಜನರ ಅಂಜಿಕೆ ಎಲ್ಲಿಂದ ಬರಬೇಕು? ಅವರು ‘ಕ್ವಯಟ್’; ಇನ್ನೂ ಬಿಗಿಯಾಗಿ ಹೇಳಬೇಕೆಂದರೆ ‘ರಿಸರ್ವ್ಡ್’. ಸಭೆಯಲ್ಲಿ ಅವರು ‘ಎಲೊಕ್ವೆಂಟ್’. ‘ಹಿ ಈಸ್ ಎಲೊಕ್ವೆಂಟ್ ಇನ್ ತಾಳಮದ್ದಳೆ ಬಟ್ ಕ್ವಯಟ್ ಇನ್ ಕಂಪನಿ’ ಎಂದರೆ ಒಂದೇ ವಾಕ್ಯದಲ್ಲಿ ಇಡೀ ಮನುಷ್ಯ ನಿಂತ. ಇಲ್ಲಿ ‘ಇನ್ ಕಂಪನಿ’ ಎಂದರೆ ಕಚೇರಿಯಲ್ಲಿ ಎಂದಲ್ಲ, ನಾಲ್ಕು ಜನ ಕೂಡಿದಲ್ಲಿ ಎಂದು.

ಇದರ ತಿರುವುಮುರುವು ಉತ್ತರಕುಮಾರ. ಅಂತಃಪುರದ ಹೆಂಗಸರ ಮುಂದೆ ಅವನ ಬಾಯಿಗೆ ಬಿಡುವಿಲ್ಲ, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಟ. ಅವನೂ ‘ಶೈ’ ಅಲ್ಲ. ಅವನ ಹೆದರಿಕೆ ಜನರೊಡನೆ ಬೆರೆಯುವುದರ ಬಗ್ಗೆ ಅಲ್ಲ, ಅಪಾಯದ ಬಗ್ಗೆ. ಅದಕ್ಕೆ ‘ಟಿಮಿಡ್’. ಲ್ಯಾಟಿನ್‌ನಲ್ಲಿ ಇದರ ಮೂಲದ ಅರ್ಥವೇ ಭಯ. ತುಳುವಿನ ‘ಪೋಡಿಗೆ’ ನೆನಪಿಟ್ಟುಕೊಳ್ಳಿ: ಪೋಡಿಗೆ ಇರುವಲ್ಲಿ ‘ಟಿಮಿಡ್’. ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ, ನಾಯಿ ಕಂಡರೆ ದಾರಿ ಬದಲಿಸುವ ಮಗು ‘ಟಿಮಿಡ್’. ಅದೇ ಮಗು ಹೊಸಬರೊಡನೆ ಹರಟೆ ಹೊಡೆಯುತ್ತಿದ್ದರೆ ‘ಶೈ’ ಅಲ್ಲ.

ಅಳುಕಿನ ಗುಂಪಿನಲ್ಲೇ ಇನ್ನೆರಡು ಪದ ಕೆಲಸಕ್ಕೆ ಬರುತ್ತವೆ. ಒಂದು ‘ಡಿಫಿಡೆಂಟ್’: ತನ್ನ ಸಾಮರ್ಥ್ಯದ ಮೇಲೆ ತನಗೇ ಭರವಸೆ ಇಲ್ಲದವರು. ಉತ್ತರ ಗೊತ್ತಿದ್ದೂ ಕೈ ಎತ್ತದ ವಿದ್ಯಾರ್ಥಿ. ‘ಕಾನ್ಫಿಡೆಂಟ್’ಗೂ ಇದಕ್ಕೂ ಬುಡ ಒಂದೇ, ನಂಬಿಕೆ ಎಂಬ ಅರ್ಥದ ಲ್ಯಾಟಿನ್ ಧಾತು; ಅಲ್ಲಿ ನಂಬಿಕೆ ಪೂರ್ಣ, ಇಲ್ಲಿ ಇಲ್ಲ. ಬಾಯಲ್ಲಿ ಹೇಳುವಾಗ ಇದು ಎಡವುವ ಪದ. ಆತುರದಲ್ಲಿ ಹೇಳಿದರೆ ಕೇಳುವವರಿಗೆ ‘ಡಿಫರೆಂಟ್’ ಎಂದು ಕೇಳಿಸುತ್ತದೆ. ಇಂಟರ್‌ವ್ಯೂನಲ್ಲಿ ಬಳಸದಿರುವುದೇ ಒಳ್ಳೆಯದು, ಬರಹದಲ್ಲಿ ಇರಲಿ. ಇನ್ನೊಂದು ‘ಸೆಲ್ಫ್-ಕಾನ್ಶಸ್’: ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆಯಿಂದ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಹೋಗುವುದು. ಕಾಸರಗೋಡಿನ ಕನ್ನಡದ ಮಕ್ಕಳು ಮೊದಲ ಸಲ ಇಂಗ್ಲಿಷಿನಲ್ಲಿ ಬಾಯಿ ಬಿಡುವಾಗ ಆಗುವುದು ಹೆಚ್ಚಾಗಿ ಇದೇ. ‘ಐ ಆ್ಯಮ್ ಎ ಬಿಟ್ ಸೆಲ್ಫ್-ಕಾನ್ಶಸ್ ಅಬೌಟ್ ಮೈ ಇಂಗ್ಲಿಷ್’ ಎಂದರೆ ತೊಂದರೆ ಇಂಗ್ಲಿಷಿಗೆ ಮಾತ್ರ ಸೀಮಿತವಾಗುತ್ತದೆ. ‘ಐ ಆ್ಯಮ್ ಶೈ’ ಎಂದರೆ ಇಡೀ ಸ್ವಭಾವಕ್ಕೇ ಅಂಟಿಕೊಳ್ಳುತ್ತದೆ. ವೇದಿಕೆ ಏರಿದಾಗ ಮಾತ್ರ ಬರುವ ಸಭಾಕಂಪಕ್ಕೆ ‘ಸ್ಟೇಜ್ ಫ್ರೈಟ್’ ಎಂಬ ಹೊಂದುವ ಮಾತು ಇದ್ದೇ ಇದೆ. ಅದು ಗಟ್ಟಿಗರಿಗೂ ಬರುವಂಥದ್ದು, ಸ್ವಭಾವವಲ್ಲ.

ಸ್ವಭಾವದ ಮೌನಕ್ಕೆ ಬರೋಣ. ನಿಮ್ಮ ‘ಸೈಲೆಂಟ್ ಗರ್ಲ್’ ಇಲ್ಲೇ ಎಡವಿದ್ದು. ‘ಸೈಲೆಂಟ್’ ಎನ್ನುವುದು ಸಾಮಾನ್ಯವಾಗಿ ಒಂದು ಹೊತ್ತಿನ ಸ್ಥಿತಿ: ಸದ್ದೇ ಇಲ್ಲ, ಮಾತೇ ಇಲ್ಲ. ‘ಶೀ ವಾಸ್ ಸೈಲೆಂಟ್ ಡ್ಯೂರಿಂಗ್ ದ ಮೀಟಿಂಗ್’ ಸರಿ. ಒಬ್ಬರ ಗುಣ ಹೇಳಲು ‘ಕ್ವಯಟ್’. ‘ದ ಸ್ಟ್ರಾಂಗ್, ಸೈಲೆಂಟ್ ಟೈಪ್’ ಎಂಬ ಹಳೆಯ ನುಡಿಗಟ್ಟೊಂದಿದೆ, ಅದು ಗಂಭೀರ ಗಂಡಸರಿಗೆ ಮೀಸಲು. ಅದನ್ನು ನೋಡಿ ಮೋಸಹೋಗಬೇಡಿ. ‘ಗರ್ಲ್’ ಕೂಡ ಬಿಟ್ಟುಬಿಡಿ. ಕೆಲಸ ಕೇಳಲು ಹೋದ ಪದವೀಧರೆ ‘ಪರ್ಸನ್’ ಎಂದರೆ ಸಾಕು.

‘ಕ್ವಯಟ್’ ಎನ್ನುವುದರಲ್ಲಿ ಹೊಗಳಿಕೆಯೂ ಇಲ್ಲ, ದೂರೂ ಇಲ್ಲ. ‘ರಿಸರ್ವ್ಡ್’ ಎಂದರೆ ಒಳಗಿನದನ್ನು ಬೇಗ ಹೊರಗೆ ಹಾಕದವರು. ನಗುನಗುತ್ತಾ ಮಾತಾಡಿಸಿದರೂ ಮನೆ ಸುದ್ದಿ ಬಿಟ್ಟುಕೊಡುವುದಿಲ್ಲ. ಇದು ಗೌರವದ ಮಾತೇ, ಆದರೆ ಶಿಫಾರಸು ಪತ್ರದಲ್ಲಿ ಬಂದರೆ ಕೆಲವರು ‘ಬೆರೆಯುವವರಲ್ಲ’ ಎಂದು ಓದಿಕೊಳ್ಳುತ್ತಾರೆ. ‘ರೆಟಿಸೆಂಟ್’ ಒಂದು ವಿಷಯಕ್ಕೆ ಸಂಬಂಧಿಸಿದ ಬಾಯಿಬಿಗಿ: ಬೇರೆಲ್ಲ ಹೇಳುತ್ತಾರೆ, ಸಂಬಳದ ವಿಷಯ ಬಂದರೆ ಮುಗುಮ್ಮು. ‘ಹಿ ಈಸ್ ರೆಟಿಸೆಂಟ್ ಅಬೌಟ್ ಹಿಸ್ ಸ್ಯಾಲರಿ.’ ‘ಟ್ಯಾಸಿಟರ್ನ್’ ಎಂದರೆ ಮಾತೆಂದರೆ ಕಾಸು ಖರ್ಚು ಎಂಬಂತಿರುವವರು. ಅದರಲ್ಲಿ ಸ್ವಲ್ಪ ಬಿರುಸಿನ ವಾಸನೆ ಇದೆ, ಹಿರಿಯರ ಬಗ್ಗೆ ಬರೆಯುವಾಗ ಜೋಪಾನ. ‘ಸಾಫ್ಟ್-ಸ್ಪೋಕನ್’ ಮಾತಿನ ಪ್ರಮಾಣವನ್ನು ಹೇಳುವುದೇ ಇಲ್ಲ, ದನಿಯ ಮೆದುತನವನ್ನು ಹೇಳುತ್ತದೆ. ದಿನವಿಡೀ ಮಾತಾಡುವವರೂ ‘ಸಾಫ್ಟ್-ಸ್ಪೋಕನ್’ ಆಗಿರಬಹುದು.

ಬಿಗುಮಾನಕ್ಕೆ ‘ಅಲೂಫ್’, ಆಡುಮಾತಿನಲ್ಲಿ ‘ಸ್ಟ್ಯಾಂಡ್-ಆಫಿಶ್’. ಇವೆರಡೂ ದೂರುಗಳು. ‘ಅಲೂಫ್’ ಹಡಗಿನವರ ಮಾತಿನಿಂದ ಬಂದದ್ದು. ಗಾಳಿ ಹಡಗನ್ನು ದಡದ ಕಡೆ ತಳ್ಳುವಾಗ ಮೂತಿಯನ್ನು ಗಾಳಿಗೆ ಎದುರಾಗಿ ಹಿಡಿದು ದೂರವೇ ಉಳಿಯುವ ಕ್ರಮ ಅದು. ಕಡಲ ಬದಿಯ ನಮಗೆ ಈ ಚಿತ್ರ ಮರೆಯುವಂಥದ್ದಲ್ಲ: ದಡ ಕಾಣುತ್ತಿದೆ, ಆದರೂ ಹತ್ತಿರ ಬರುತ್ತಿಲ್ಲ. ನಿಜವಾಗಿ ‘ಶೈ’ ಆದವರನ್ನು ಊರು ‘ಅಲೂಫ್’ ಎಂದು ತಪ್ಪು ತಿಳಿಯುವುದು ತುಂಬ ಸಾಮಾನ್ಯ. ನೋಡುವವರಿಗೆ ಎರಡರ ಹೊರನೋಟ ಒಂದೇ. ಬರೆಯುವವರು ಇಂಥಲ್ಲಿ ಅವಸರ ಮಾಡಬಾರದು. ಒಂದು ಪದದಿಂದ ಒಬ್ಬರಿಗೆ ಅನ್ಯಾಯ ಆಗುತ್ತದೆ. ‘ಹಿ ಸೀಮ್ಸ್ ಅಲೂಫ್ ಅಟ್ ಫಸ್ಟ್, ಬಟ್ ಹಿ ಈಸ್ ಓನ್ಲಿ ಶೈ’ ಎಂಬ ವಾಕ್ಯ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕಾಣಿಸುವುದು ಇದೇ ಕಾರಣಕ್ಕೆ.

ಇನ್ನು ನಿಮ್ಮ ‘ನಾಟ್ ಸೋಶಿಯಲ್’. ‘ಸೋಶಿಯಲ್’ ಎಂದರೆ ಮುಖ್ಯವಾಗಿ ಸಮಾಜಕ್ಕೆ ಸಂಬಂಧಿಸಿದ್ದು: ‘ಸೋಶಿಯಲ್ ಸೈನ್ಸ್’, ‘ಸೋಶಿಯಲ್ ವರ್ಕರ್’. ಜನರೊಡನೆ ಇರಲು ಇಷ್ಟಪಡುವವರು ‘ಸೋಶಬಲ್’. ಇಷ್ಟಪಡದವರು ‘ಅನ್‌ಸೋಶಬಲ್’. ಇದರ ಬದಲಿಗೆ ‘ಆ್ಯಂಟಿಸೋಶಿಯಲ್’ ಎಂದು ಮಾತ್ರ ಬರೆಯಬೇಡಿ. ಪತ್ರಿಕೆಯಲ್ಲಿ ‘ಸಮಾಜಘಾತುಕ ಶಕ್ತಿಗಳು’ ಎಂದು ಬರುತ್ತದಲ್ಲ, ಅದರ ಇಂಗ್ಲಿಷೇ ಇದು. ಗೆಳೆಯರ ನಡುವೆ ‘ಇವತ್ತು ಯಾರ ಜತೆಯೂ ಬೆರೆಯುವ ಮನಸ್ಸಿಲ್ಲ’ ಎಂಬ ಅರ್ಥದಲ್ಲಿ ಆ ಮಾತು ಓಡುತ್ತದೆ ನಿಜ, ಆದರೆ ಇಂಟರ್‌ವ್ಯೂ ಆ ಸಲಿಗೆಯ ಜಾಗವಲ್ಲ.

ಅಣ್ಣನ ವಿಷಯ. ‘ಎಲ್ಲರ ಹತ್ತಿರ ಫ್ರೀ ಆಗಿ ಇರ್ತಾನೆ’ ಎನ್ನುವುದು ನಮ್ಮ ಕನ್ನಡದಲ್ಲಿ ಚೆನ್ನಾಗಿಯೇ ಇದೆ, ಇಂಗ್ಲಿಷಿಗೆ ಹೋದರೆ ಕೆಡುತ್ತದೆ. ಒಡನಾಟಕ್ಕೆ ‘ಮೂವ್’ ಎನ್ನುವುದು ದಕ್ಷಿಣ ಭಾರತದ ಇಂಗ್ಲಿಷಿನ ರೂಢಿ. ನಮ್ಮವರಿಗೆ ತಿಳಿಯುತ್ತದೆ, ಹೊರಗಿನವರಿಗೆ ತೊಡಕು. ‘ಗೆಟ್ಸ್ ಆನ್ ವಿತ್ ಎವರಿಒನ್’ ಅಥವಾ ‘ಮಿಕ್ಸಸ್ ಈಸಿಲಿ’ ಎನ್ನಿ.

ಇಲ್ಲಿಯೂ ನಾಲ್ಕು ಪದಗಳ ನಡುವಿನ ಅಂತರ ನೋಡಿ. ‘ಫ್ರೆಂಡ್ಲಿ’ ಎನ್ನುವುದು ಎದುರಿನವರನ್ನು ನಡೆಸಿಕೊಳ್ಳುವ ರೀತಿ. ‘ಸೋಶಬಲ್’ ಎಂದರೆ ಒಡನಾಟದ ಇಷ್ಟ. ‘ಔಟ್‌ಗೋಯಿಂಗ್’ ಆದವರು ತಾವಾಗಿಯೇ ಮಾತು ಶುರು ಮಾಡುತ್ತಾರೆ. ‘ಗ್ರಿಗೇರಿಯಸ್’ ಆದವರಿಗೆ ಗುಂಪೇ ಬೇಕು. ಲ್ಯಾಟಿನ್‌ನಲ್ಲಿ ಅದರ ಮೂಲ ಮಂದೆ, ಹಿಂಡು. ಮಧೂರಿನ ದೇವಸ್ಥಾನದ ಸಾಲಿನಲ್ಲಿ ಹಿಂದೆ ನಿಂತವರೊಡನೆ ತಾನಾಗಿಯೇ ‘ಯಾವೂರು ನಿಮ್ಮದು?’ ಎಂದು ಶುರು ಮಾಡುವವ ‘ಔಟ್‌ಗೋಯಿಂಗ್’. ಅವರು ಕೇಳಿದಾಗ ನಗುತ್ತಾ ಉತ್ತರಿಸಿ, ‘ಅಪ್ಪ’ ಎಂಬ ಸಿಹಿ ಪ್ರಸಾದದ ಕೌಂಟರ್ ತೋರಿಸಿಕೊಡುವವ ‘ಫ್ರೆಂಡ್ಲಿ’. ಜಾತ್ರೆ, ಮದುವೆ, ಕ್ರಿಕೆಟ್ ಪಂದ್ಯ ಯಾವುದನ್ನೂ ಬಿಡದೆ, ಒಂದು ಭಾನುವಾರ ಮನೆಯಲ್ಲಿ ಒಬ್ಬನೇ ಉಳಿದರೆ ಚಡಪಡಿಸುವವ ‘ಗ್ರಿಗೇರಿಯಸ್’. ‘ಶೈ ಬಟ್ ಫ್ರೆಂಡ್ಲಿ’ ಎಂದರೆ ವಿರೋಧ ಏನೂ ಇಲ್ಲ, ಅಂಥವರು ಬೇಕಾದಷ್ಟು ಇದ್ದಾರೆ. ನೀವೂ ಅವರಲ್ಲಿ ಒಬ್ಬರಿರಬಹುದು, ಯೋಚಿಸಿ ನೋಡಿ.

ಎರಡು ಸಣ್ಣ ಎಚ್ಚರಿಕೆ. ‘ಔಟ್‌ಗೋಯಿಂಗ್ ಪ್ರೆಸಿಡೆಂಟ್’ ಎಂದಾಗ ಸ್ನೇಹಪರ ಅಧ್ಯಕ್ಷರಲ್ಲ, ಅವಧಿ ಮುಗಿದು ಹೊರಡುವ ಅಧ್ಯಕ್ಷರು. ಹಾಗೆಯೇ ‘ಔಟ್‌ಸ್ಪೋಕನ್’ಗೂ ಬೆರೆಯುವುದಕ್ಕೂ ಸಂಬಂಧವಿಲ್ಲ. ಇದ್ದದ್ದನ್ನು ಮುಖಕ್ಕೆ ಹೇಳುವವರು ‘ಔಟ್‌ಸ್ಪೋಕನ್’, ಅವರಿಗೆ ಗೆಳೆಯರು ಕಡಿಮೆಯೇ ಇರಬಹುದು.

ಶಿಫಾರಸು ಪತ್ರಗಳಲ್ಲಿ ‘ಜೋವಿಯಲ್’ ಎಂಬ ಪದಕ್ಕೆ ನಮ್ಮಲ್ಲಿ ಬಹಳ ಪ್ರೀತಿ. ಅರ್ಥ ನಗೆಮೊಗದ, ಗೆಲುವಿನ ಸ್ವಭಾವ. ಇದರ ಹುಟ್ಟು ಕೇಳಿದರೆ ನೀವು ಮರೆಯುವುದಿಲ್ಲ. ರೋಮನ್ನರ ಜೋವ್ ಅಂದರೆ ಜುಪಿಟರ್, ನಮ್ಮ ಗುರುಗ್ರಹ. ಗುರುವಿನ ಬಲದಲ್ಲಿ ಹುಟ್ಟಿದವರು ಉಲ್ಲಾಸಿಗಳು ಎಂಬ ಯುರೋಪಿನ ಹಳೆಯ ಜ್ಯೋತಿಷ್ಯದ ನಂಬಿಕೆಯಿಂದ ‘ಜೋವಿಯಲ್’ ಬಂತು. ಅದೇ ಲೆಕ್ಕದಲ್ಲಿ ಶನಿಯಿಂದ ‘ಸ್ಯಾಟರ್‌ನೈನ್’, ಮಂಕು ಕವಿದ ಗಂಭೀರ ಸ್ವಭಾವ. ಬುಧನಿಂದ ‘ಮರ್ಕ್ಯೂರಿಯಲ್’, ಗಳಿಗೆಗೊಂದು ಮನಸ್ಸು. ಈ ಮೂರರಲ್ಲಿ ದಿನಬಳಕೆಗೆ ‘ಜೋವಿಯಲ್’ ಮಾತ್ರ ಸಾಕು. ಅದೂ ಹೆಚ್ಚಾಗಿ ನಡುವಯಸ್ಸು ದಾಟಿದವರಿಗೆ ಒಪ್ಪುತ್ತದೆ, 21ರ ಹುಡುಗಿಗೆ ‘ಚಿಯರ್‌ಫುಲ್’ ಮೇಲು.

ಮಾತು ಹೆಚ್ಚಿರುವವರಿಗೂ ತೂಕ ನೋಡಿಯೇ ಪದ ಕೊಡಬೇಕು. ‘ಚ್ಯಾಟಿ’ ಪ್ರೀತಿಯ ಮಾತು. ‘ಟಾಕೆಟಿವ್’ ಎಂದಾಗ ಸ್ವಲ್ಪ ಜಾಸ್ತಿಯಾಯಿತು ಎಂಬ ಸೂಚನೆ. ‘ಗ್ಯಾರುಲಸ್’ ಬಂದರೆ ಕೇಳುವವರಿಗೆ ಸುಸ್ತಾಗಿದೆ ಎಂದೇ ಅರ್ಥ, ನಮ್ಮ ಬಾಯಿಬಡುಕನ ಹತ್ತಿರದ ನೆಂಟ.

‘ಪಾಪ’ ಎಂಬ ಮಾತನ್ನು ಬಿಟ್ಟರೆ ಕಾಸರಗೋಡಿನವರ ಉತ್ತರ ಅರ್ಧವೇ ಆಗುತ್ತದೆ. ‘ಅವ ಪಾಪದವ’ ಎನ್ನುತ್ತೇವೆ, ಮಲಯಾಳದಲ್ಲಿ ‘ಪಾವಂ’. ಯಾರ ತಂಟೆಗೂ ಹೋಗದ, ಬೈದರೂ ಎದುರಾಡದ ಸಾಧು. ಇದನ್ನು ನಮ್ಮವರು ‘ಹಿ ಈಸ್ ಇನ್ನೊಸೆಂಟ್’ ಎಂದು ಇಂಗ್ಲಿಷ್ ಮಾಡುತ್ತಾರೆ. ಹೊರಗಿನವರಿಗೆ ಅದು ‘ನಿರಪರಾಧಿ’. ಹಾಗಾದರೆ ಆರೋಪ ಏನಿತ್ತು ಎಂಬ ಸಂಶಯ ಬರುತ್ತದೆ. ‘ಜೆಂಟಲ್’, ‘ಮೈಲ್ಡ್’ ಎನ್ನಿ. ಗುಣ ಇದ್ದೂ ಮುಂದೆ ನುಗ್ಗದವರಿಗೆ ‘ಅನ್‌ಅಸ್ಯೂಮಿಂಗ್’ ಎಂಬ ಚೆಂದದ ಪದ ಇದೆ. ಅದು ಯಾವ ಪತ್ರದಲ್ಲಿ ಬಂದರೂ ಹೊಗಳಿಕೆಯೇ. ‘ಮೀಕ್’ ಎಂದರೆ ಬಗ್ಗಿದವನಿಗೆ ಇನ್ನೊಂದು ಗುದ್ದು ಎಂಬಂಥ ಪಾಪದವ, ಕೆಲಸದ ಅರ್ಜಿಯಲ್ಲಿ ಬೇಡ.

ಸುಮ್ಮನಿದ್ದು ಒಳಗೊಳಗೇ ಕೆಲಸ ಸಾಧಿಸುವ ಗುಮ್ಮನಗುಸುಕನಿಗೆ, ಮಲಯಾಳದವರ ‘ಮಿಂಡಾಪ್ಪೂಚ್ಚ’ಗೆ, ಈ ಯಾವ ಪದವೂ ಹೊಂದುವುದಿಲ್ಲ. ಅಲ್ಲಿ ಮೌನದ ಹಿಂದೆ ಲೆಕ್ಕಾಚಾರ ಇದೆ, ಅದಕ್ಕೆ ‘ಸ್ಲೈ’. ‘ಶೈ’ಗೂ ‘ಸ್ಲೈ’ಗೂ ಉಚ್ಚಾರಣೆ ಎಷ್ಟು ಹತ್ತಿರ ನೋಡಿ. ‘ಶ’ಕಾರ ಸಡಿಲವಾದರೆ ಕೇಳುವವರಿಗೆ ಒಂದು ಗಳಿಗೆ ಗೊಂದಲ ಆಗಬಹುದು.

ಮದುವೆ ಬಯೋಡೇಟಾ ಬರೆಯುವವರಿಗೂ ಎರಡು ಮಾತು, ಏಕೆಂದರೆ ಇದೇ ಪದಗಳು ಅಲ್ಲಿಯೂ ಬರುತ್ತವೆ. ‘ಹೋಮ್ಲಿ’ ಎಂದರೆ ನಮ್ಮಲ್ಲಿ ಮನೆವಾರ್ತೆಗೆ ಹೊಂದುವ ಸೌಮ್ಯ ಹುಡುಗಿ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ಮನೆಯಂತೆ ಹಿತವಾಗಿರುವ ಜಾಗಕ್ಕೆ ಹೇಳುವ ಮಾತು. ಅಮೆರಿಕದಲ್ಲಿ ಮನುಷ್ಯರಿಗೆ ಹೇಳಿದರೆ ‘ನೋಡಲು ಅಷ್ಟಕ್ಕಷ್ಟೇ’ ಎಂದಾಗುತ್ತದೆ. ವರ ಅಮೆರಿಕದಲ್ಲಿ ಬೆಳೆದವನಾದರೆ ಏನಾಗುತ್ತದೆ ಊಹಿಸಿ. ‘ಬೋಲ್ಡ್’ ನಮ್ಮಲ್ಲಿ ಧೈರ್ಯವಂತೆ ಎಂಬ ಮೆಚ್ಚುಗೆ. ಬೇರೆ ಕಡೆ ಅದಕ್ಕೆ ಅತಿಸಲಿಗೆಯ ಛಾಯೆಯೂ ಸೇರುತ್ತದೆ. ‘ಕಾನ್ಫಿಡೆಂಟ್’ ಎಂದರೆ ಎಲ್ಲೂ ತಪ್ಪಿಲ್ಲ.

ಉಚ್ಚಾರಣೆಯಲ್ಲಿ ನಮ್ಮವರು ಮುಗ್ಗರಿಸುವುದು ನಾಲ್ಕೈದು ಕಡೆ. ‘ಸೋಶಬಲ್’ ಮೂರೇ ಉಚ್ಚಾರಾಂಶ, ಸೋ-ಶ-ಬಲ್. ‘ಸೋಶಿಯೇಬಲ್’ ಅಲ್ಲ, ಒತ್ತು ಮೊದಲಿಗೆ. ‘ರಿಸರ್ವ್ಡ್’ನಲ್ಲಿ ನಡುವಿನ ಅಕ್ಷರ ‘ಜ಼’ದ ದನಿ, ಕೊನೆಗೆ ‘ವ್ಡ್’ ಒಟ್ಟಿಗೆ. ‘ರಿಸರ್ವಡ್’ ಎಂದು ಇನ್ನೊಂದು ಸ್ವರ ಸೇರಿಸಬೇಡಿ. ‘ಗ್ರಿಗೇರಿಯಸ್’ನಲ್ಲಿ ಒತ್ತು ‘ಗೇ’ ಮೇಲೆ, ‘ಇಂಟ್ರೋವರ್ಟ್’ನಲ್ಲಿ ‘ಇಂ’ ಮೇಲೆ. ಬರಹದಲ್ಲಿ ‘ಕಾಂಜೀನಿಯಲ್’ ಮತ್ತು ‘ಕಾಂಜೆನಿಟಲ್’ ಅದಲುಬದಲಾಗದಿರಲಿ. ಮೊದಲನೆಯದು ನಮ್ಮ ಮನಸ್ಸಿಗೆ ಹೊಂದುವ, ಹಿತವಾದ ಒಡನಾಟ. ಎರಡನೆಯದು ಹುಟ್ಟಿನಿಂದ ಬಂದ ಕಾಯಿಲೆಗೆ ವೈದ್ಯರು ಬಳಸುವ ಮಾತು.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಇಂಗ್ಲಿಷಿನಲ್ಲಿ ಗುಣವಾಚಕವನ್ನು ಬರಿದಾಗಿ ಎಸೆದರೆ ತೀರ್ಪು ಕೊಟ್ಟಂತೆ ಕೇಳಿಸುತ್ತದೆ. ‘ಐ ಆ್ಯಮ್ ಶೈ’ ಎಂದರೆ ಬಾಗಿಲು ಹಾಕಿದಂತೆ. ‘ಐ ಕ್ಯಾನ್ ಬಿ ಶೈ’, ‘ಎ ಬಿಟ್ ಶೈ’, ‘ಆನ್ ದ ಕ್ವಯಟ್ ಸೈಡ್’, ‘ಐ ಟೆಂಡ್ ಟು’ ಇವೆಲ್ಲ ಬಾಗಿಲನ್ನು ಅರ್ಧ ತೆರೆದಿಡುವ ಮಾತುಗಳು. ಜತೆಗೆ ಒಂದು ಸಾಕ್ಷಿ ಬೇಕು. ಗುಣದ ಹೆಸರು ಒಂದು ವಾಕ್ಯ, ಆ ಗುಣ ಕಂಡ ಕೆಲಸ ಇನ್ನೊಂದು ವಾಕ್ಯ. ‘ಐ ಆ್ಯಮ್ ಸೋಶಬಲ್’ ಎಂದು ಹತ್ತು ಮಂದಿ ಹೇಳುತ್ತಾರೆ. ‘ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಸರ್ವೇಗೆ ಮನೆಮನೆಗೆ ಹೋಗಿದ್ದೆ’ ಎಂದವರನ್ನು ಎದುರು ಕೂತವರು ನೆನಪಿಟ್ಟುಕೊಳ್ಳುತ್ತಾರೆ. ಸಾಕ್ಷಿ ಮಾತ್ರ ನೀವು ನಿಜಕ್ಕೂ ಮಾಡಿದ್ದೇ ಆಗಿರಲಿ, ಏಕೆಂದರೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.

ಈ ಲೆಕ್ಕದಲ್ಲಿ ನಿಮ್ಮ ನಾಲ್ಕು ವಾಕ್ಯ ಹೀಗಾಗಬಹುದು: ‘ಐ ಆ್ಯಮ್ ಆನ್ ದ ಕ್ವಯಟ್ ಸೈಡ್. ಐ ಕ್ಯಾನ್ ಬಿ ಶೈ ವಿತ್ ಪೀಪಲ್ ಐ ಡೋಂಟ್ ನೋ, ಬಟ್ ಐ ಓಪನ್ ಅಪ್ ಒನ್ಸ್ ವಿ ಸ್ಟಾರ್ಟ್ ವರ್ಕಿಂಗ್ ಟುಗೆದರ್. ಐ ಆ್ಯಮ್ ಅಟ್ ಈಸ್ ಇನ್ ಕನ್ನಡ, ತುಳು ಆ್ಯಂಡ್ ಮಲಯಾಳಂ, ಸೋ ಐ ಆಫನ್ ಎಂಡ್ ಅಪ್ ಹೆಲ್ಪಿಂಗ್ ಪೀಪಲ್ ಅಂಡರ್‌ಸ್ಟ್ಯಾಂಡ್ ಈಚ್ ಅದರ್. ಮೈ ಬ್ರದರ್ ಈಸ್ ಮಚ್ ಮೋರ್ ಔಟ್‌ಗೋಯಿಂಗ್. ಹಿ ಗೆಟ್ಸ್ ಆನ್ ವಿತ್ ಎವರಿಒನ್.’ ಮೂರು ಭಾಷೆಯ ಮಾತನ್ನು ನೀವು ಬರೆದುಕೊಂಡಿರಲಿಲ್ಲ. ಅದು ನಿಮಗೆ ನೀರಿನಷ್ಟು ಸಹಜ, ಆದ್ದರಿಂದ ಗುಣ ಅನಿಸಿಲ್ಲ. ಹೊರಗಿನವರಿಗೆ ಅದು ದೊಡ್ಡ ಗುಣ, ಮತ್ತು ಮೌನದವರು ಜನರಿಗೆ ಹತ್ತಿರವೂ ಇರಬಲ್ಲರು ಎಂಬುದಕ್ಕೆ ಅದೇ ಪುರಾವೆ.

ಅಭ್ಯಾಸಕ್ಕೆ ಒಂದು ವಾರ ಸಾಕು. ದಿನಕ್ಕೆ 15 ನಿಮಿಷ, ಪರಿಚಯದ ಒಬ್ಬರು. ಮೊದಲು ಕನ್ನಡದಲ್ಲಿ ಎರಡು ಸಾಲು: ಜನರೆಂದರೆ ಇಷ್ಟವೇ, ಅಳುಕಿದೆಯೇ, ಮಾತು ಎಷ್ಟು. ಆಮೇಲೆ ಅದಕ್ಕೆ ಹೊಂದುವ ಒಂದೇ ಇಂಗ್ಲಿಷ್ ಪದ, ಅದರ ಕೆಳಗೆ ಆ ಗುಣ ಕಂಡ ಒಂದು ಕೆಲಸ. ಒಂದೇ ದಿನ 20 ಪದ ಗಟ್ಟಿ ಮಾಡಿದರೆ ಮೂರನೇ ದಿನಕ್ಕೆ ‘ರೆಟಿಸೆಂಟ್’, ‘ರಿಸರ್ವ್ಡ್’ ಎರಡೂ ಕಲಸಿಹೋಗುತ್ತವೆ. ಒಬ್ಬ ಮನುಷ್ಯನ ಮುಖದ ಜತೆ ಕಲಿತ ಪದ ಮರೆಯುವುದಿಲ್ಲ.

ಕೊನೆಯದಾಗಿ ಇಂಟ್ರೋವರ್ಟ್ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಕಾರ್ಲ್ ಯುಂಗ್ 1921ರಲ್ಲಿ ಮನುಷ್ಯರ ಸ್ವಭಾವವನ್ನು ಅಂತರ್ಮುಖಿ, ಬಹಿರ್ಮುಖಿ ಎಂದು ವಿಂಗಡಿಸಿ ಬರೆದ ಮೇಲೆ ಈ ಪದಗಳು ಲೋಕಕ್ಕೆಲ್ಲ ಹರಡಿದವು. ಮನಸ್ಸಿನ ಒಲವು ಒಳಗಿನ ಯೋಚನೆಗಳ ಕಡೆ ಇದೆಯೇ, ಹೊರಗಿನ ಜನ-ವಸ್ತುಗಳ ಕಡೆ ಇದೆಯೇ ಎಂಬುದು ಅವರ ಆಧಾರ. ಅಳುಕಿಗೂ ಅದಕ್ಕೂ ಗಂಟು ಹಾಕುವ ಅಗತ್ಯವಿಲ್ಲ. ಇಂಟ್ರೋವರ್ಟ್‌ಗೆ ಒಂಟಿಯಾಗಿರುವುದು ಹಿತ. ಶೈ ಆದವರಿಗೆ ಜನ ಬೇಕು, ಹೋಗಲು ಅಳುಕು. ಎರಡೂ ಒಬ್ಬರಲ್ಲೇ ಇರಬಹುದು, ಒಂದಿದ್ದು ಇನ್ನೊಂದು ಇಲ್ಲದಿರಬಹುದು. ಜನರ ಮುಂದೆ ಹೋಗಬೇಕೆಂದರೆ ನಿದ್ದೆ ಕೆಡುವಷ್ಟು, ಕೆಲಸ ತಪ್ಪಿಸುವಷ್ಟು ಹೆದರಿಕೆ ಇದ್ದರೆ ಅದು ಬೇರೆ ಮಾತು. ಅದನ್ನು ಪದಗಳಿಂದ ಸರಿಪಡಿಸಲು ಹೋಗದೆ ವೈದ್ಯರನ್ನು ಕಾಣಬೇಕು.

ಹಾಗಾಗಿ ಆ ಪ್ರಶ್ನೆ ಬಂದರೆ ಬೆಚ್ಚಬೇಡಿ, ಅದು ಆರೋಪವಲ್ಲ. ನಿಮಗೆ ಹೊಂದುವುದಾದರೆ ಹೀಗೆನ್ನಿ: ‘ಎ ಲಿಟಲ್, ಯೆಸ್. ಐ ಲೈಕ್ ಟು ಥಿಂಕ್ ಬಿಫೋರ್ ಐ ಸ್ಪೀಕ್, ಬಟ್ ಐ ಎಂಜಾಯ್ ವರ್ಕಿಂಗ್ ವಿತ್ ಪೀಪಲ್.’ ಇಡೀ ವಾಕ್ಯ ಹೇಳುವುದಾದರೆ ‘ಐ ಆ್ಯಮ್ ಆ್ಯನ್ ಇಂಟ್ರೋವರ್ಟ್’; ನಡುವಿನ ‘ಆ್ಯನ್’ ಬಿಡಬೇಡಿ, ನಮ್ಮಲ್ಲಿ ಹೆಚ್ಚಿನವರು ಬಿಡುವುದು ಅದನ್ನೇ. ‘ಯೆಸ್’ ಆದ ಮೇಲೆ ಒಂದು ಉಸಿರು ನಿಲ್ಲಿಸಿ. ‘ಬಟ್’ ಬಂದಾಗ ದನಿ ಇಳಿಸದೆ ಕೊನೆಯವರೆಗೂ ಅದೇ ಮಟ್ಟದಲ್ಲಿ ಹೇಳಿ ಮುಗಿಸಿ, ಏಕೆಂದರೆ ಎದುರಿನವರು ಬರೆದುಕೊಳ್ಳುವುದು ಆ ಎರಡನೇ ಅರ್ಧವನ್ನು.